ಅರಕಲಗೂಡಿಗೆ ಒಂದು ಡಬ್ಬಿ ಮಾತ್ರೆ

ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ಚನ್ನರಾಯಪಟ್ಟಣ ಬಿಟ್ಟೆವು. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಸವಿತಾಗೆ ಇಪ್ಪತ್ತನಾಲ್ಕು ವರ್ಷ. ಹುಟ್ಟಿನಿಂದಲೇ ಎಚ್‌ಐವಿ ಇದೆ. ಔಷಧ ನಿಲ್ಲಿಸಿದ ತನ್ನಂಥ ಹುಡುಗ, ಹುಡುಗಿಯರನ್ನು ಹುಡುಕಿಕೊಂಡು ಹೋಗಿ ಮತ್ತೆ ಶುರುಮಾಡಿಸುವುದು ಆಕೆಯ ಕೆಲಸ. ಬರೆಯಲೆಂದು ನಾನು ಒಂದು ದಿನ ಜೊತೆಗೆ ಬರುವುದಕ್ಕೆ ಒಪ್ಪಿದ್ದಳು. ಇಲ್ಲಿರುವ ಹೆಸರುಗಳು ನಿಜವಾದವಲ್ಲ.

ಕಂಡಕ್ಟರ್ ಆಕೆಗೆ ಸೊನ್ನೆ ಟಿಕೆಟ್ ಕೊಟ್ಟ, ನನ್ನಿಂದ ಹಣ ಪಡೆದ. ಶಾಂತಿಗ್ರಾಮದಲ್ಲಿ ಹಾಲಿನ ಕ್ಯಾನುಗಳ ಗಾಡಿ ಅಡ್ಡ ನಿಂತು ಹತ್ತು ನಿಮಿಷ ಹೋಯಿತು.

ಹಾಸನದ ಆಸ್ಪತ್ರೆಯ ಸಾಲಿನಲ್ಲಿ ಜಯಮ್ಮ ಕಾಯುತ್ತಿದ್ದರು. ಅವರ ಮಗಳು ನಂದಿನಿ ಅರಕಲಗೂಡಿನ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುತ್ತಾಳೆ. ತಾಯಿಯಿಂದಲೇ ಅವಳಿಗೆ ಸೋಂಕು ಬಂದಿದೆ. ಡಬ್ಬಿ ಅಲ್ಲಾಡಿದ ಸದ್ದು ಕೇಳಿ ರೂಮಿನ ಗೆಳತಿ "ಏನೇ ಅದು?" ಎಂದು ಕೇಳಿದ್ದಳಂತೆ. ಆ ದಿನವೇ ನಂದಿನಿ ಡಬ್ಬಿ ಎಸೆದಳು. ಮೂರು ವಾರದಿಂದ ಒಂದು ಮಾತ್ರೆಯೂ ಇಲ್ಲ.

"ನನ್ನ ಮ್ಯಾಲೆ ಸಿಟ್ಟವ್ಳೆ ಕಣವ್ವ," ಎಂದರು ಜಯಮ್ಮ. "ಶನಿವಾರ ಮನೆಗೂ ಬರಾಕಿಲ್ಲ, ಮೂರ್ ಗಂಟೆ ಬಸ್ಸಿಗೆ ಆ ಗೆಳತಿ ಜೊತೆ ಅವ್ಳೂರಿಗೆ ಓಯ್ತಾಳೆ. ನೀನು ಕೊಟ್ರೆ ಇಸ್ಕೊಂಡಾಳು."

ಇಂದೇ ಶುರುಮಾಡಲಿ, ಸೋಮವಾರ ರಕ್ತಪರೀಕ್ಷೆಗೆ ಬರಲಿ ಎಂದರು ಡಾಕ್ಟರು. ಸವಿತಾ ಹೊಸ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು. "ಇನ್ನೂ ಬುಟ್ರೆ ವೈರಸ್ ಏರ್ತದೆ ಸಾ. ಆಮೇಲೆ ಈ ಮಾತ್ರೆ ಕೆಲ್ಸ ಮಾಡ್ದೇನೂ ಓಗ್ಬೌದು."

ಹೊಳೆನರಸೀಪುರದ ಮೇಲೆ ಹೊರಟೆವು, ಅಲ್ಲಿಗೆ ಮೂವತ್ತು ಕಿಲೋಮೀಟರಿನಷ್ಟು ದಾರಿ. ಬಸ್ ನಿಲ್ದಾಣದ ಎದುರು ಚಿತ್ರಾನ್ನ ತಿಂದೆವು, ಉಪ್ಪು ಮುಂದಾಗಿತ್ತು. ಗ್ರೀಸು ಮೆತ್ತಿದ ಅಂಗಿಯ ಯುವಕನೊಬ್ಬ ಎರಡು ಸಲ ನಮ್ಮ ಮುಂದೆ ಹಾದುಹೋದ. ಸವಿತಾ ತಲೆ ಎತ್ತಲಿಲ್ಲ. ಮೂರನೇ ಸಲ ಅವನೇ ನಿಂತ.

"ಏನಕ್ಕ, ಗುರ್ತೇ ಇಲ್ದಂಗೆ ತಿಂತಾ ಕೂತಿದ್ದೀಯಾ?"

"ನೀನ್ ಮಾತಾಡ್ಸುದ್ರೆ ತಾನೇ ಕಣ್ಲಾ ಗುರ್ತು?"

ಅವನು ಮಂಜ, ಗ್ಯಾರೇಜ್ ಮೆಕ್ಯಾನಿಕ್, ಸವಿತಾ ಹಿಂದೊಮ್ಮೆ ಮತ್ತೆ ಮಾತ್ರೆ ಶುರುಮಾಡಿಸಿದವನು. ಮುಂದಿನ ತಿಂಗಳು ಮದುವೆ. "ಹುಡ್ಗೀಗೆ ಹೇಳಿದ್ಯಾ?" ಎಂದಳು ಸವಿತಾ.

"ಮೊದ್ಲ ದಿನವೇ ಹೇಳ್ದೆ. ಅವ್ಳೇ ಡಾಕ್ಟ್ರ ತಾವ್ಕೆ ಎಳ್ಕೊಂಡ್ ಓದ್ಲು. ಈಗ ದಿನಾ ರಾತ್ರಿ ಫೋನು: ಮಾತ್ರೆ ತಗಂಡ್ಯಾ, ತಗಂಡ್ಯಾ. ನಿನ್ ಕಾಟವೇ ವಾಸಿ ಕಣಕ್ಕ!"

ಅವನು ಹೋದ ಮೇಲೆ ಸವಿತಾ ಕೆಲಸದ ಕಟ್ಟಳೆ ಹೇಳಿದಳು. ಮಾತ್ರೆ ತೆಗೆದುಕೊಳ್ಳುವವರು ಬೀದಿಯಲ್ಲಿ ಸಿಕ್ಕರೆ, ಅವರಾಗಿ ಮಾತಾಡಿಸುವವರೆಗೆ ಇವಳಿಗೆ ಯಾರ ಪರಿಚಯವೂ ಇಲ್ಲ. ಜೊತೆಗಿದ್ದವರು "ಇವಳು ಯಾರು?" ಎಂದರೆ ಅವರೇ ಉತ್ತರ ಕೊಡಬೇಕಾಗುತ್ತದೆ.

ಹೇಮಾವತಿ ಸೇತುವೆ ದಾಟಿ ಅರಕಲಗೂಡು ತಲುಪಿದಾಗ ಎರಡೂವರೆ. ಮೂರು ಗಂಟೆಗೆ ನಂದಿನಿ ಗೆಳತಿಯೊಂದಿಗೆ ನಿಲ್ದಾಣಕ್ಕೆ ಬಂದಳು. ಸವಿತಾಳನ್ನು ನೋಡಿದಳು, ಮುಖ ತಿರುಗಿಸಿ ಊರುಗಳ ಹೆಸರಿನ ಬೋರ್ಡು ಓದತೊಡಗಿದಳು. ನಾನು ಅರ್ಧ ಎದ್ದೆ.

"ಕೂತ್ಕಳಿ ಸಾ," ಎಂದಳು ಸವಿತಾ, ಫೋನಿನಿಂದ ಕಣ್ಣೆತ್ತದೆ. ಅವಳ ಹೆಬ್ಬೆರಳು ಒಂದೇ ಜಾಗದಲ್ಲಿ ನಿಂತಿತ್ತು.

ಬಸ್ಸು ಬಂತು. "ಬಾರೇ, ಸೀಟು ಓಯ್ತದೆ!" ಎಂದು ಗೆಳತಿ ಕೂಗಿದಳು. ನಂದಿನಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಇಳಿದಳು. ನೇರ ನಮ್ಮ ಬೆಂಚಿಗೆ ಬಂದಳು.

"ಅಕ್ಕಾ, ತಂದಿದ್ದೀರಾ?"

ಸವಿತಾ ಡಬ್ಬಿ ಕೊಟ್ಟಳು. ಸೋಮವಾರ ಹಾಸನಕ್ಕೆ ಬರಬೇಕೆಂದಷ್ಟೇ ಹೇಳಿದಳು. ಹಿಂದೆಯೇ ಬಂದಿದ್ದ ಗೆಳತಿಯ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು ನಂದಿನಿ ಅಲ್ಲೇ ಒಂದು ಮಾತ್ರೆ ನುಂಗಿದಳು.

"ಯಾರೇ ಇವ್ರು? ಏನ್ ಮಾತ್ರೆನೇ ಅದು?"

"ಬಸ್ಸಲ್ಲಿ ಹೇಳ್ತೀನಿ. ಮೊದ್ಲು ಸೀಟು ಹಿಡಿ ನಡಿ."

ಇಬ್ಬರೂ ಓಡಿದರು. ಬಸ್ಸು ತಿರುವು ತೆಗೆದುಕೊಳ್ಳುವಾಗ ಹಿಂದಿನ ಕಿಟಕಿಯಲ್ಲಿ ಕಂಡರು. ನಂದಿನಿ ಮಾತಾಡುತ್ತಿದ್ದಳು. ಗೆಳತಿ ಅವಳತ್ತ ಪೂರ್ತಿ ತಿರುಗಿ ಕುಳಿತಿದ್ದಳು.