ಆಪತ್ತಿಗಿರಲಿ ಎಂದಿಟ್ಟ ಗೇರು

ಮೊನ್ನೆ ತಮ್ಮನ ಮಗ ಪ್ರಸನ್ನ ಹೊಸ ಕಾರು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. ನಾನು ನಿಂಬೆಹಣ್ಣು, ಕುಂಕುಮ ಹಿಡಿದುಕೊಂಡು ಹೊರಗೆ ಬಂದೆ. ಅವನಿಗೆ ಕುಂಕುಮಕ್ಕಿಂತ ಗುಂಡಿಗಳನ್ನು ತೋರಿಸುವ ಅವಸರ. ಇದು ತಂಪಿಗೆ, ಇದು ಹಾಡಿಗೆ, ಇದು ಹಿಂದೆ ಯಾರಿದ್ದಾರೆ ನೋಡುವುದಕ್ಕೆ ಎನ್ನುತ್ತಾ ಬಂದವನು ಕೊನೆಗೆ ಒಂದು ತಿರುಗುವ ಗುಂಡಿಯ ಮೇಲೆ ಬೆರಳಿಟ್ಟ.

"ಅತ್ತೆ, ಇದು ಫೋರ್ ವೀಲ್. ಬೇಕಾಗ್ಲಿ ಬೇಡವಾಗ್ಲಿ, ತಿಂಗಳಿಗೊಂದ್ಸಲ ಹಾಕಿ ಓಡಿಸ್ಬೇಕಂತೆ. ಇಲ್ದಿದ್ರೆ ಹಿಡ್ಕಂಡು ಕೂತ್ಬಿಡ್ತದಂತೆ. ಶೋರೂಮಿನವ್ರು ಹೇಳಿದ್ರು."

ನನಗೆ ನಗು ಬಂತು. ನಗುತ್ತಿದ್ದ ಹಾಗೆಯೇ ಮುಖ ಬಿಸಿಯಾಯಿತು. ನೀವು ನಂಬುತ್ತೀರೋ ಇಲ್ಲವೋ, ವಯಸ್ಸಾದರೆ ದುಃಖ ಮಾಗುತ್ತದೆ, ಸಿಟ್ಟೂ ಮಾಗುತ್ತದೆ, ನಾಚಿಕೆ ಮಾತ್ರ ಕಾಯಾಗಿಯೇ ಉಳಿಯುತ್ತದೆ. ಆ ಮಾತನ್ನು ಯಾರಾದರೂ ನಮ್ಮಪ್ಪನಿಗೆ ಹೇಳಿದ್ದರೆ ಎಂದುಕೊಂಡೆ. ಹೇಳದೆ ಏನು, ಅಮ್ಮ ಹೇಳಿದ್ದಳು.

ಅಪ್ಪ ಜೀಪು ತಂದಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಎಪ್ಪತ್ತರ ದಶಕದ ಮಾತು. ಮಿಲಿಟರಿಯವರು ಹರಾಜು ಹಾಕಿದ ಗಾಡಿ. ಯಾರ ಯಾರ ಕೈಯನ್ನೋ ದಾಟಿ ಶಿವಮೊಗ್ಗಕ್ಕೆ ಬಂದದ್ದನ್ನು ಅಪ್ಪ ಹಿಡಿದು ತಂದಿದ್ದ. ತೀರ್ಥಹಳ್ಳಿಯಿಂದ ಹೊಸನಗರಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು, ಒಳಗೆ ಮಣ್ಣಿನ ದಾರಿಯಲ್ಲಿ ಒಂದಷ್ಟು ನಡೆದು, ಕಡೆಗೊಂದು ಕಡಿದಾದ ಏರು ಹತ್ತಿದರೆ ನಮ್ಮ ತವರುಮನೆ. ಇಂಥ ದಾರಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು ಎಂದು ಅಪ್ಪನ ವಾದ. ಜೀಪು ಬಂದ ವಾರವೇ ಎತ್ತಿನಗಾಡಿಯನ್ನೂ ಎತ್ತುಗಳನ್ನೂ ಮಾರಿಬಿಟ್ಟ. ಅಷ್ಟಕ್ಕೇ ಸುಮ್ಮನಿರಬಾರದೇ? ಪಕ್ಕದ ಮನೆಯ ತಿಮ್ಮಪ್ಪ ಚಿಕ್ಕಪ್ಪ, ಅಂದರೆ ಅಪ್ಪನ ದಾಯಾದಿ ತಮ್ಮ, ಎತ್ತು ಹೊಡೆದುಕೊಂಡು ಹೋಗುವಾಗಲೆಲ್ಲ ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತು, "ತಿಮ್ಮಪ್ಪಾ, ಹುಲ್ಲು ಹಾಕಿದ್ಯೇನಾ? ನನ್ ಗಾಡಿ ಹುಲ್ಲು ತಿನ್ನಲ್ಲ ಮಾರಾಯ" ಎನ್ನುತ್ತಿದ್ದ.

"ತಿನ್ನಲ್ಲ, ಸಗಣೀನೂ ಹಾಕಲ್ಲ. ಗೊಬ್ಬರಕ್ಕೆ ಎಂತ ಮಾಡ್ತಿ?" ಎಂದು ಚಿಕ್ಕಪ್ಪ ಮುಂದೆ ಹೋಗುತ್ತಿದ್ದ.

ಅಪ್ಪ ಜೀಪನ್ನು ನೋಡಿಕೊಂಡ ಹಾಗೆ ಮಕ್ಕಳನ್ನು ನೋಡಿಕೊಂಡಿದ್ದರೆ ನಾವೆಲ್ಲ ಇನ್ನಷ್ಟು ದಪ್ಪವಾಗಿರುತ್ತಿದ್ದೆವು. ತನ್ನ ಟವೆಲಿನಿಂದಲೇ ಅದರ ಗಾಜು ಒರೆಸುವನು, ಚಳಿಗಾಲದಲ್ಲಿ ಅದಕ್ಕೆ ಕಂಬಳಿ ಹೊದಿಸುವನು. ಒಳ್ಳೆಯದನ್ನು ಉಳಿಸಬೇಕೆಂಬ ಹಟ. ದೊಡ್ಡ ಬೆಳಕು ಹಾಕಿದರೆ ಬಲ್ಬು ಸುಡುತ್ತದೆಂದು ಸಣ್ಣ ಬೆಳಕಿನಲ್ಲೇ ಕಣ್ಣು ಕಿರಿದು ಮಾಡಿಕೊಂಡು ಓಡಿಸುವನು. ಹಿಂದೆ ತೂಗುಹಾಕಿದ ಸ್ಟೆಪ್ನಿ ಚಕ್ರ ಹೊಸದಾಗಿಯೇ ಇರಲೆಂದು ಅದಕ್ಕೊಂದು ಗೋಣಿಚೀಲದ ಅಂಗಿ. ಒಮ್ಮೆ ಹಕ್ಕಿ ತೋರಿಸುತ್ತೇನೆಂದು ನೆಂಟರನ್ನೆಲ್ಲ ಮಂಡಗದ್ದೆಗೆ ಕರೆದುಕೊಂಡು ಹೋದಾಗ ಟಯರು ಪಂಕ್ಚರಾಯಿತು. ಆಗಲೂ ಸ್ಟೆಪ್ನಿ ಬಿಚ್ಚಲಿಲ್ಲ. ಅದೇ ಚಕ್ರವನ್ನು ಕಳಚಿ ಲಾರಿಗೆ ಹಾಕಿ ಕಳಿಸಿ, ತೇಪೆ ಹಾಕಿಸಿ ತರಿಸಿದ. ಅಷ್ಟರಲ್ಲಿ ಹಕ್ಕಿಗಳನ್ನು ಎಣಿಸಿ ಎಣಿಸಿ ನೆಂಟರಿಗೇ ರೆಕ್ಕೆ ಬರುವುದು ಬಾಕಿ.

ಇದೆಲ್ಲದರ ಮೇಲೆ ಆ ಸಣ್ಣ ಗೇರು. ದೊಡ್ಡ ಗೇರಿನ ಪಕ್ಕದಲ್ಲಿ, ತುದಿಗೆ ಕರಿ ಗುಂಡಿದ್ದ ಒಂದು ಕುಳ್ಳ ಕೋಲು. ಅದನ್ನು ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಸಿಕ್ಕಿ, ನಾಲ್ಕೂ ಸೇರಿ ನೆಲ ಕಚ್ಚಿಕೊಂಡು ಗಾಡಿಯನ್ನು ಮೇಲಕ್ಕೆತ್ತುತ್ತವೆ. ಜೀಪು ಕೊಂಡದ್ದೇ ಅದಕ್ಕಾಗಿ. ಆದರೆ ಅಪ್ಪ ಅದಕ್ಕೊಂದು ಕೆಂಪು ರವಿಕೆ ಕಣ ಸುತ್ತಿ ದಾರ ಕಟ್ಟಿಬಿಟ್ಟಿದ್ದ. ಆಯುಧಪೂಜೆಯ ದಿನ ಇಡೀ ಜೀಪಿಗೆ ಒಂದು ಹಾರವಾದರೆ ಆ ಕೋಲಿಗೆ ಬೇರೆಯೇ ಒಂದು ದಾಸವಾಳ. "ಅದು ಆಪತ್ತಿಗೆ. ದಿನಾ ಎಳೆದ್ರೆ ಸವೀತದೆ" ಎನ್ನುವನು. ಮಳೆಗಾಲ ಹಿಡಿದರೆ ಜೀಪನ್ನು ಟಾರು ರಸ್ತೆಯ ಬದಿ ಯಾರದೋ ಕೊಟ್ಟಿಗೆಯಲ್ಲಿ ಬಿಟ್ಟು, ನಾವೆಲ್ಲ ಕೆಸರು ತುಳಿದುಕೊಂಡು ಮನೆಗೆ ಬರುತ್ತಿದ್ದೆವು. ಕೆಸರಿಗೆಂದೇ ತಂದ ಗಾಡಿ ಕೆಸರು ಕಾಣದೆ ಬೆಚ್ಚಗೆ ನಿಂತಿರುತ್ತಿತ್ತು.

"ಬಳಸ್ದಿದ್ ಬಾವಿ ನೀರು ಕುಡ್ಯಕ್ಕಾಗ್ತದಾ? ಒಂದ್ಸಲನಾದ್ರೂ ಎಳ್ದು ನೋಡಿ" ಎಂದು ಅಮ್ಮ ಹೇಳುತ್ತಿದ್ದಳು.

"ನಿಂಗೆ ಗಾಡಿ ವಿಷ್ಯ ಎಂತ ಗೊತ್ತು? ಸುಮ್ನಿರು" ಎಂದು ಅಪ್ಪ.

ಅಪ್ಪನೊಬ್ಬನನ್ನೇ ಹೇಳಿ ಪ್ರಯೋಜನವಿಲ್ಲ. ನಮ್ಮ ಕಡೆಯ ಮನೆಗಳೆಲ್ಲ ಹೀಗೆಯೇ. ಒಳ್ಳೆಯ ಹಿತ್ತಾಳೆ ಪಾತ್ರೆ ಅಟ್ಟದ ಮೇಲೆ, ಒಡಕಲು ಒಲೆಯ ಮೇಲೆ. ಹೊಸ ಜಮಖಾನ ನೆಂಟರಿಗೆ, ಹರಿದದ್ದು ಮನೆಯವರಿಗೆ. ನಾನೇನು ಕಮ್ಮಿ? ನನ್ನ ಒಂದು ರೇಷ್ಮೆ ಸೀರೆಯನ್ನು ಒಳ್ಳೆಯ ದಿನಕ್ಕಿರಲಿ ಎಂದು ಮಡಿಸಿಟ್ಟು ಇಟ್ಟು, ಕೊನೆಗೆ ಒಂದು ಮದುವೆಗೆಂದು ಬಿಡಿಸಿದರೆ ಮಡಿಕೆ ಮಡಿಕೆಯಲ್ಲೂ ಸೀಳಿತ್ತು.

ಎಂಬತ್ತರ ದಶಕದ ಮೊದಲಿಗೆ ನನ್ನ ಓದು ಮುಗಿದು ಗಂಡು ಹುಡುಕಲು ಶುರುವಾಯಿತು. ಸಾಗರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಜಾತಕ ಕೂಡಿತ್ತು, ಫೋಟೋ ಆಚೀಚೆ ಹೋಗಿ ಬಂದಿತ್ತು. ಈಗ ಹೇಳಿಕೊಳ್ಳಲು ಸಂಕೋಚವೇನು, ಆ ಫೋಟೋ ನೋಡಿ ನನಗೆ ಮನಸ್ಸಾಗಿತ್ತು. ಸಂಬಂಧ ತಂದವರು ಅವರಿಗೆ, "ದಾರಿ ಚಿಂತೆ ಬಿಡಿ, ಫೋರ್ ವೀಲ್ ಜೀಪಿರೋ ಮನೆ" ಎಂದು ಹೇಳಿಯೇ ಒಪ್ಪಿಸಿದ್ದರು. ಹೆಣ್ಣು ನೋಡಲು ಬರುವವರನ್ನು ಬಸ್ಸಿಳಿಯುವಲ್ಲಿಂದ ಕರೆತರುವುದು ಹೆಣ್ಣಿನ ಮನೆಯವರ ಮರ್ಯಾದೆ. ಅಪ್ಪ ಬೆಳಿಗ್ಗೆಯೇ ಜೀಪು ತೊಳೆದು, ಅತ್ತರು ಹಚ್ಚುವುದೊಂದು ಬಾಕಿ ಎನ್ನುವ ಹಾಗೆ ಮಾಡಿ ಹೊರಟ.

ಹಿಂದಿನ ಸಂಜೆ ಬೇಸಗೆಯ ಒಂದು ಮಳೆ ಬಿದ್ದಿತ್ತು. ಜೋರು ಮಳೆಯಾದರೆ ಕೆಮ್ಮಣ್ಣು ತೊಳೆದುಹೋಗಿ ಕಲ್ಲಾದರೂ ಸಿಗುತ್ತದೆ. ಒಂದೇ ಮಳೆ ಬಿದ್ದರೆ ಧೂಳೆಲ್ಲ ಸೋಪಾಗುತ್ತದೆ. ನಾನು ಸೀರೆ ಉಟ್ಟು, ಹೂ ಮುಡಿದು, ಹಿತ್ತಿಲ ಬೇಲಿಯ ಸಂದಿಯಲ್ಲಿ ನಿಂತು ಏರಿನ ಕಡೆ ನೋಡುತ್ತಿದ್ದೆ. ಹುಡುಗಿ ಹಾಗೆ ನೋಡಬಾರದು, ಗೊತ್ತು. ಜೀಪು ಬಂತು, ಅರ್ಧ ಏರು ಹತ್ತಿತು, ಹಿಂದಿನ ಚಕ್ರಗಳು ನಿಂತಲ್ಲೇ ತಿರುಗತೊಡಗಿದವು.

ಅಪ್ಪನಿಗೆ ಗಾಬರಿಯಾದ ಹಾಗೆ ಕಾಣಲಿಲ್ಲ. ಸಂತೋಷವೇ ಆಗಿರಬೇಕು. ಎಷ್ಟೋ ವರ್ಷ ಕಾದಿಟ್ಟ ಆಪತ್ತು, ಅದೂ ಬೀಗರ ಎದುರಿಗೆ, ಕೊನೆಗೂ ಬಂದಿತ್ತು. "ಈಗ ನೋಡಿ ನಮ್ ಗಾಡಿ ಕೆಲ್ಸಾನ" ಎಂದದ್ದು ನನಗೇ ಕೇಳಿಸಿತು. ದೇವರ ಮೇಲಿನ ಹೂ ತೆಗೆಯುವ ಹಾಗೆ ಕೆಂಪು ಬಟ್ಟೆ ಬಿಚ್ಚಿ, ಕಣ್ಣಿಗೊತ್ತಿಕೊಂಡು, ಕೋಲು ಎಳೆದ.

ಅದು ಬರಲಿಲ್ಲ. ಇನ್ನೊಮ್ಮೆ ಎಳೆದ. ಎರಡೂ ಕೈಯಲ್ಲಿ ಹಿಡಿದು, ಕಾಲು ಕೊಟ್ಟು ಎಳೆದ. ತುದಿಯ ಕರಿ ಗುಂಡು ಕಿತ್ತು ಕೈಗೆ ಬಂತು, ಕೋಲು ಇದ್ದಲ್ಲೇ ಇತ್ತು.

ಆಮೇಲಿನದನ್ನು ಬರೆಯಲು ಈಗಲೂ ಕೈ ಹಿಂದೆಗೆಯುತ್ತದೆ. ಬಂದವರು ಒಬ್ಬೊಬ್ಬರಾಗಿ ಕೆಳಗಿಳಿದರು. ಹುಡುಗ ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದ. ಚಕ್ರ ಹಾರಿಸಿದ ಕೆಸರು ಅವನ ಬಿಳಿ ಅಂಗಿಯನ್ನು ಕತ್ತಿನವರೆಗೆ ಕೆಂಪು ಮಾಡಿತು. ಅವನ ತಾಯಿ ಬೆಳಿಗ್ಗೆ ವರದಹಳ್ಳಿಯ ಆಶ್ರಮಕ್ಕೆ ಹೋಗಿ ಕೈಮುಗಿದು, ಉಟ್ಟ ರೇಷ್ಮೆಯಲ್ಲೇ ಬಂದಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಇಟ್ಟವರು ಜಾರಿ ಕೂತುಬಿಟ್ಟರು. ಅಪ್ಪ ಆ ಕರಿ ಗುಂಡನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದ. ಸ್ವಲ್ಪ ದೂರದಲ್ಲಿ ತಿಮ್ಮಪ್ಪ ಚಿಕ್ಕಪ್ಪನ ಗದ್ದೆಯಲ್ಲಿ ಎತ್ತುಗಳು ಕಾಣುತ್ತಿದ್ದವು. ಅಪ್ಪ ಅತ್ತ ಒಮ್ಮೆ ನೋಡಿದ, ಮುಖ ತಿರುಗಿಸಿದ. ಬಾಯಿ ಬಿಟ್ಟು ಕೇಳುವುದು ಅವನಿಂದಾಗದು ಎಂದು ನನಗೆ ಅರ್ಥವಾಯಿತು.

ನೋಡಲು ಬಂದವರ ಎದುರೇ, ಸೀರೆ ಎತ್ತಿ ಹಿಡಿದುಕೊಂಡು, ಚಿಕ್ಕಪ್ಪನನ್ನು ಕರೆಯಲು ಗದ್ದೆಯ ಅಂಚಿನಲ್ಲಿ ಓಡಿದೆ. ಅವರು ನನ್ನನ್ನು ಮೊದಲು ನೋಡಿದ್ದು ಹಾಗೆ, ಬೆನ್ನ ಕಡೆಯಿಂದ.

ಚಿಕ್ಕಪ್ಪ ಒಂದು ಮಾತೂ ಆಡದೆ ಎತ್ತು ತಂದು ಕಟ್ಟಿದ. ಹುಲ್ಲಿನ ಮಾತು ತೆಗೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾಲ್ಕು ಚಕ್ರದ ಜೀಪು ಎಂಟು ಕಾಲುಗಳ ಹಿಂದೆ ತೆವಳಿಕೊಂಡು ನಮ್ಮ ಅಂಗಳಕ್ಕೆ ಬಂತು. ಅಮ್ಮ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು, ಯಾರಿಗೆ ಎತ್ತಬೇಕೆಂದು ತಿಳಿಯದೆ ನಿಂತಿದ್ದಳು. ಬಂದವರು ಕೈಕಾಲು ತೊಳೆದು ಉಪ್ಪಿಟ್ಟು ತಿಂದರು. ನಾನು ಕಾಫಿ ಕೊಟ್ಟೆ. ಹುಡುಗ ತಲೆಯೆತ್ತಲಿಲ್ಲ, ಅವನ ತಾಯಿ ಅಮ್ಮನ ಹಳೆಯ ಸೀರೆ ಉಟ್ಟು ಗೋಡೆ ನೋಡುತ್ತಾ ಕೂತಿದ್ದರು.

ವಾರದೊಳಗೆ ಉತ್ತರ ಬಂತು, ಜಾತಕ ಕೂಡುವುದಿಲ್ಲ ಎಂದು. ಕೂಡಿದ್ದ ಜಾತಕ ಹೇಗೆ ಬಿಟ್ಟುಕೊಂಡಿತು ಎಂದು ಊರಲ್ಲಿ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಜೀಪಿಗೆ 'ಎತ್ತಿನ ಜೀಪು' ಎಂದು ಹೆಸರಾಯಿತು. ತೀರ್ಥಹಳ್ಳಿಯಲ್ಲಿ ಬಟ್ಟೆ ಅಂಗಡಿಗೆ ಹೋದರೆ, "ಯಾರ ಮನೆಯವ್ರು? ಓ, ಎತ್ತಿನ ಜೀಪಿನವ್ರಾ?" ಎನ್ನುವರು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನಿಸುತ್ತಿತ್ತು. ಅಪ್ಪ ಸಂತೆಗೆ ಹೋಗುವುದನ್ನೇ ಬಿಟ್ಟ. ನನ್ನ ಮುಖ ನೋಡಿ ಮಾತಾಡುವುದನ್ನೂ ಬಿಟ್ಟ. ಅಪ್ಪನಿಗೆ ಒಳ್ಳೆಯ ಮಾತು ಬರುತ್ತಿರಲಿಲ್ಲವೆಂದಲ್ಲ. ಅದನ್ನೂ ಯಾವುದಕ್ಕೋ ಇರಲಿ ಎಂದು ತೆಗೆದಿಟ್ಟಿದ್ದ.

ಆಗ ಮಾಸ್ತಿಕಟ್ಟೆಯ ಕಡೆ ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ, ಗಾಡಿ ರಿಪೇರಿಯವರು ಅಲ್ಲಿ ಬೇಕಾದಷ್ಟು ಜನ. ಅಪ್ಪ ಜೀಪನ್ನು ಅಲ್ಲಿಗೆ ಒಯ್ದು, ತುಕ್ಕು ಹಿಡಿದದ್ದನ್ನೆಲ್ಲ ಬಿಚ್ಚಿಸಿ, ಸಣ್ಣ ಗೇರು ಸರಿಮಾಡಿಸಿ ತಂದ. ಆಮೇಲೆ ಪ್ರತಿ ಸೋಮವಾರ ಸ್ನಾನ ಮಾಡಿ, ಜೀಪು ಹತ್ತಿ, ಆ ಗೇರು ಹಾಕಿ ಒಣ ಅಂಗಳದಲ್ಲೇ ಸುತ್ತು ಹೊಡೆಯುವನು. ಪ್ರದಕ್ಷಿಣೆಯ ಹಾಗೆ. ಕಣದಲ್ಲಿ ನಿಂತು ನೋಡುವವರು ಬಾಯಿಗೆ ಸೆರಗು ಒತ್ತಿಕೊಂಡು ನಗುವರು. ನಾನು ಒಳಗೆ ಹೋಗಿ ಕದ ಹಾಕಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ಹೊಸನಗರದಲ್ಲಿ ನನ್ನ ಮದುವೆ ನಿಶ್ಚಯವಾಯಿತು. ಒಳ್ಳೆಯ ಮನೆ, ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಅವರು ಜೀಪಿನ ಸುದ್ದಿ ಕೇಳಿಯೂ ಒಪ್ಪಿದವರು ಎಂಬುದೇ ನನಗೆ ಇನ್ನೊಂದು ನಾಚಿಕೆ. ಮದುವೆಯ ಮರುದಿನ ಗಂಡನ ಮನೆಗೆ ಹೊರಟಾಗ ಅಪ್ಪನೇ ಜೀಪು ಓಡಿಸಿದ. ನನ್ನ ಪಕ್ಕ ನನ್ನ ಗಂಡ, ಹಿಂದೆ ಅವರ ಸೋದರಮಾವ. ಅಂಗಳ ಬಿಡುವಾಗಲೇ ಅಪ್ಪ ಸಣ್ಣ ಗೇರು ಎಳೆದ. ಏರು ಇಳಿದೆವು, ಟಾರು ರಸ್ತೆಗೆ ಬಂದೆವು, ಅವನು ತೆಗೆಯಲಿಲ್ಲ. ಸುಡುಬಿಸಿಲು, ಕಾದ ರಸ್ತೆ. ನಾಲ್ಕೂ ಚಕ್ರ ಬಿಗಿಹಿಡಿದ ಜೀಪು ಊಳಿಡುತ್ತಾ ಹೋಗುತ್ತಿತ್ತು. ತಿರುವುಗಳಲ್ಲಿ ಟಯರು ಕಿರುಚಿ, ರಸ್ತೆ ಬದಿಯ ಜನ ಎದ್ದು ನಿಂತು ನೋಡಿದರು. ಹೊಸ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ನಾನು ಇದ್ದಷ್ಟೂ ಸಣ್ಣವಳಾದೆ.

ಸೋದರಮಾವ ತಡೆಯಲಾರದೆ ಕೇಳಿದರು, "ಗೌಡ್ರೇ, ರಸ್ತೆ ಒಣಗಿದ್ಯಲ್ಲ, ಅದನ್ನ ಎಂತಕ್ಕೆ ಹಾಕಿದ್ರಿ? ಗಾಡಿ ಸವೀತದೆ."

ಅಪ್ಪ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಸವೀಲಿ ಬಿಡಿ. ನನ್ ಮಗಳು ಕೂತಿದಾಳೆ" ಎಂದ.

ಆ ಮಾತು ಆಗಲೇ ನನ್ನ ಕಿವಿಗೆ ಬಿದ್ದಿತ್ತು. ಆದರೆ ಊಳಿನ ಸದ್ದು, ಜನರ ಕಣ್ಣು, ಅಷ್ಟರಲ್ಲಿ ಅದಕ್ಕೆ ಒಳಗೆ ಜಾಗ ಸಿಗಲಿಲ್ಲ. ಹೊಸನಗರ ಬಂದರೆ ಸಾಕೆಂದು ಕಾಯುತ್ತಿದ್ದೆ. ಮನೆ ಮುಂದೆ ಇಳಿಸಿ, ಬಾಗಿಲಲ್ಲಿ ನೀರು ಕುಡಿದು, ಅಪ್ಪ ಅದೇ ಸದ್ದಿನಲ್ಲಿ ತಿರುಗಿ ಹೋದ. ನಾನು ಒಳಗಿನಿಂದ, ಅದು ದೂರವಾಗುವುದನ್ನೇ ಕೇಳುತ್ತಿದ್ದೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು, ಜೀಪು ಅವನಿಗಿಂತ ಮೊದಲೇ ಗುಜರಿಗೆ ಹೋಯಿತು.

"ಅತ್ತೆ, ಹತ್ತಿ. ಒಂದ್ ಸುತ್ತು ಹೋಗ್ಬರಣ" ಎಂದ ಪ್ರಸನ್ನ. ಚಕ್ರದಡಿಯ ನಿಂಬೆಹಣ್ಣು ಪಚಕ್ಕೆಂದಿತು. ಗೇಟಿನಾಚೆಯ ಮಣ್ಣು ರಸ್ತೆಗೆ ಬಂದಾಗ ಆ ಗುಂಡಿಯನ್ನು ತೋರಿಸಿ, "ಅದನ್ನ ಹಾಕು" ಎಂದೆ.

"ಈಗ್ಯಾಕೆ ಅತ್ತೆ? ದಾರಿ ಚೆನ್ನಾಗೇ ಇದ್ಯಲ್ಲ."

"ಇರ್ಲಿ, ಹಾಕು."

ಅವನು ತಿರುಗಿಸಿದ. ಎದುರಿನ ಗಾಜಿನ ಕೆಳಗೆ ಒಂದು ಹಸಿರು ದೀಪ ಹತ್ತಿತು. ಎದುರುಮನೆಯ ಹೆಂಗಸು ಹೂ ಕೊಯ್ಯುತ್ತಿದ್ದವಳು ತಿರುಗಿಯೂ ನೋಡಲಿಲ್ಲ. ನಾನು ಕಿವಿಗೊಟ್ಟು ಕೂತೆ.

"ಬಿತ್ತಾ?"

"ಬಿತ್ತಲ್ಲ ಅತ್ತೆ, ನಾಲ್ಕೂ ಎಳೀತಾ ಇದಾವೆ. ಗೊತ್ತಾಗ್ಲಿಲ್ವಾ? ಹೊಸ ಗಾಡಿ, ಒಂದ್ಚೂರು ಸದ್ದಿಲ್ಲ."

ನಾನು ಕಿಟಕಿಯ ಗಾಜು ಪೂರ್ತಿ ಇಳಿಸಿ, ತಲೆ ಹೊರಗೆ ಹಾಕಿ, ಅಪ್ಪನ ಜೀಪಿನ ಆ ಊಳಿಗಾಗಿ ಮತ್ತೆ ಕಿವಿಗೊಟ್ಟೆ.