ಹಳದಿ ಮೀನು, ನೇರಳೆ ಮೀನು

ಗೆಳೆಯರೇ, ಮೀನು ಆರಿಸಲು ಹೋಗುವಾಗ ಮನೆಯವರನ್ನು ಕರೆದೊಯ್ಯಬೇಡಿ. ಶಹಾಪುರದ ನಮ್ಮ ಮನೆಯ ದೊಡ್ಡ ಉಪ್ಪುನೀರಿನ ಅಕ್ವೇರಿಯಂ ಸಿದ್ಧವಾಗಿದೆ ಎಂದು ಇವತ್ತು ಅವ್ವ ಮತ್ತು ಹೆಂಡತಿ ಸುಮಾಳ ಜೊತೆ ಯಾದಗಿರಿಯ ಅಂಗಡಿಗೆ ಹೋಗಿದ್ದೆ. ಅವ್ವನಿಗೆ ಹಳದಿ ಮೀನು ಹಿಡಿಸಿತು, ಸುಮಾಳಿಗೆ ನೇರಳೆ ಮೀನು.

ಅಂಗಡಿಯವನು ಬೇಡವೆಂದು ತಲೆಯಾಡಿಸಿದ. "ಇವೆರಡೂ ಕೂಡಿ ಬಾಳಂಗಿಲ್ರಿ. ಮೊದ್ಲ ಬಂದದ್ದು ಇಡೀ ಮನಿ ನಂದೇ ಅಂತದ. ಆಮ್ಯಾಲ ಬಂದದ್ದಕ್ಕ ಉಣ್ಣಾಕ ಬಿಡಂಗಿಲ್ಲ."

ಅವ್ವ ನನ್ನನ್ನು ದುರುಗುಟ್ಟಿ ನೋಡಿದಳು. ಸುಮಾ ನಗು ತಡೆದುಕೊಂಡು, "ಹಂಗಾದ್ರ ಏನ್ ಮಾಡಬೇಕ್ರಿ?" ಎಂದಳು.

"ಒಳಗಿನ ಕಲ್ಲು ಸರಿಸಿ ಬ್ಯಾರೆ ಕಡಿ ಇಡ್ರಿ. ಹಳೇದಕ್ಕ ತನ್ನ ಜಾಗ ತಿಳಿಯಂಗಿಲ್ಲ. ಆದ್ರ ಹೊಸಾದರ ಮ್ಯಾಲೂ ಕಣ್ಣಿಡ್ರಿ, ಅದೇನ್ ಕಮ್ಮಿ ಇರಂಗಿಲ್ಲ."

ಸುಮಾಳ ನಗು ಮಾಯವಾಯಿತು. ಜಗಳವಾಡದ ಎರಡು ಕಿತ್ತಳೆ ಬಣ್ಣದ ಮೀನು ಕೊಂಡು ಹೊರಬಂದೆವು.

ಕಾರು ಹತ್ತಿದ ಕೂಡಲೇ ಅವ್ವ ಕೇಳಿದಳು. "ಅಂವಗ ನಮ್ಮನಿ ಸುದ್ದಿ ಯಾರು ಹೇಳ್ಯಾರ?"

"ನನಗೂ ಅದೇ ಸಂಶೆ ಬಂದದ್ರಿ, ಅತ್ತಿ," ಎಂದಳು ಸುಮಾ. "ನಿನ್ನಿ ಇವರು ಅಂವನ ಜೋಡಿ ಫೋನಿನ್ಯಾಗ ಭಾಳ ಹೊತ್ತು ಮಾತಾಡಿದ್ರು."

"ನೀರಿಗಿ ಉಪ್ಪು ಎಷ್ಟು ಹಾಕಬೇಕಂತ ಕೇಳಿದ್ನಿ," ಎಂದೆ.

"ಅಷ್ಟಕ್ಕ ಭಾಳ ಹೊತ್ತು ಬೇಕೇನು?" ಎಂದಳು ಅವ್ವ.

ಈಗ ಅತ್ತೆ ಸೊಸೆ ಅಡುಗೆಮನೆಯಲ್ಲಿ ಕೂತು ಮೆಲ್ಲಗೆ ಮಾತಾಡುತ್ತಿದ್ದಾರೆ. ಮದುವೆಯಾದಾಗಿನಿಂದ ಇವರಲ್ಲಿ ಇಂಥ ಒಗ್ಗಟ್ಟು ಕಂಡಿರಲಿಲ್ಲ. ನಾನು ನೀರು ಕುಡಿಯಲು ಒಳಗೆ ಹೋದರೆ ಮಾತು ನಿಲ್ಲುತ್ತದೆ.