ವನೆಸ್ಸಾ ಬರೆದ ‘ಮೂಲ ಗೊತ್ತಿಲ್ಲ’

ಮಲೇಷ್ಯಾದ ಪೆಟಾಲಿಂಗ್ ಜಯಾದ ಒಂದು ಆಫೀಸಿನ ಆರನೇ ಮಹಡಿಯಲ್ಲಿ ಕೂತು ಅಮೆರಿಕದ ಅಜ್ಜಂದಿರ ಉದ್ಗಾರಗಳಿಗೆ ಜಾತಕ ಬರೆಯುವ ಕೆಲಸ ವನೆಸ್ಸಾಳದು. ಕಂಪನಿಯದು ಇಂಗ್ಲಿಷ್ ಕಲಿಸುವ ಆ್ಯಪ್. ‘ಗ್ರೇಟ್ ಸ್ಕಾಟ್’ ಅಂದರೆ ಯಾವ ಊರಿನ ಸ್ಕಾಟ್? ‘ಇದ್ದದ್ದೆಲ್ಲ, ಪೂರ್ತಿ’ ಎನ್ನಲು ಬಳಸುವ ‘ಹೋಲ್ ನೈನ್ ಯಾರ್ಡ್ಸ್’ನ ಒಂಬತ್ತು ಗಜ ಯಾವುದರದು? ಪಂಡಿತರೇ ಕೈಚೆಲ್ಲಿದ ಇಂಥ ಮಾತುಗಳ ಬೆನ್ನು ಹತ್ತಿ ಹನ್ನೊಂದು ವರ್ಷ ಕಳೆದ ಹೆಂಗಸು ಅವಳು. ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡಿಯೂ ಸಾಕ್ಷಿ ಸಿಗದಿದ್ದರೆ ‘ಮೂಲ ಗೊತ್ತಿಲ್ಲ’ ಎಂದು ಬರೆದು ಮುಂದೆ ಹೋಗುತ್ತಿದ್ದಳು. ಎಲ್ಲ ಬಲ್ಲೆವೆಂದು ಬೀಗುವವರೇ ತುಂಬಿರುವ ಈ ಕಾಲದಲ್ಲಿ ಅದೇನು ಸಣ್ಣ ಗುಣವಲ್ಲ.

ಈ ವರ್ಷ ಮುಖ್ಯ ಸಂಪಾದಕರ ಹುದ್ದೆ ಖಾಲಿಯಾಯಿತು. ಸರದಿ ಅವಳದೇ. ಆಸೆಯೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾದೀತು.

ಸಂದರ್ಶನಕ್ಕೆ ಮೂರು ದಿನ ಇದ್ದಾಗ ಪಕ್ಕದ ಮೇಜಿನ ಭವ್ಯಶ್ರೀ, ಮೈಸೂರಿನವಳು, ಅದೇ ಹುದ್ದೆಗೆ ತಾನೂ ಅರ್ಜಿ ಹಾಕಿದ್ದವಳು, ಲ್ಯಾಪ್‌ಟಾಪ್ ಹಿಡಿದು ಬಂದಳು.

“ಮೇಡಂ, ಆಶ್ಚರ್ಯ ಆದಾಗ ಅಂತಾರಲ್ಲ, ‘ಹೋಲಿ ಮ್ಯಾಕರೆಲ್’, ಅದಕ್ಕೆ ಪ್ರೂಫ್ ಸಿಕ್ತು! ಶುಕ್ರವಾರ ಮಾಂಸ ಬಿಟ್ಟು ಮೀನು ತಿನ್ನೋ ಕ್ಯಾಥೊಲಿಕರನ್ನ ರೇಗಿಸೋಕೆ ಹುಟ್ಟಿದ ಮಾತಂತೆ. ಏಳು ವೆಬ್‌ಸೈಟಲ್ಲಿ ಇದೇ ಇದೆ ನೋಡಿ.”

ವನೆಸ್ಸಾ ನೋಡಿದಳು. ಏಳರಲ್ಲೂ ಇದ್ದದ್ದು ಅವಳದೇ ವಾಕ್ಯಗಳು, ಕೆಲಸಕ್ಕೆ ಸೇರಿದ ಮೊದಲ ವರ್ಷ ಆ್ಯಪ್‌ಗೆ ಬರೆದವು. ಮಂಗಳೂರಿನ ಮನೆಯಲ್ಲಿ ಶುಕ್ರವಾರ ಅಮ್ಮ ಮಾಂಸ ಮುಟ್ಟುತ್ತಿರಲಿಲ್ಲ, ಬಂಗುಡೆ ಸಾರು ಮಾಡುತ್ತಿದ್ದಳು. ಮ್ಯಾಕರೆಲ್ ಎಂದರೆ ಬಂಗುಡೆಯೇ ತಾನೆ? ಅಷ್ಟೇ ಸಾಕಾಗಿತ್ತು ಅವಳಿಗೆ. ಒಂದು ಪತ್ರಿಕೆ ತೆರೆಯದೆ, ‘ಇರಬಹುದು’ ಎಂಬ ಒಂದು ಪದ ಸೇರಿಸದೆ, ಕಣ್ಣಾರೆ ಕಂಡವಳ ಹಾಗೆ ಬರೆದುಬಿಟ್ಟಿದ್ದಳು. ಊಹೆ ನಿಜವೇ ಆಗಿದ್ದರೂ ಆಗಿರಬಹುದು. ಆದರೆ ಸಾಕ್ಷಿ ಎಂದು ತೋರಿಸಲು ಅವಳ ಬಳಿ ಅಮ್ಮನ ಅಡುಗೆಮನೆ ಬಿಟ್ಟು ಬೇರೇನೂ ಇರಲಿಲ್ಲ.

ನೇರವಾಗಿ ಮ್ಯಾನೇಜರ್ ಅನಂತಕೃಷ್ಣನ ಬಳಿ ಹೋಗಿ ಹೇಳಿದಳು. ಅವನು ಒಳ್ಳೆಯವನು, ಅವಳ ಹಿತವನ್ನೇ ಬಯಸಿದವನು, ಮಾತಿಗೆ ಮಲೇಷ್ಯಾದವರ ‘ಲಾ’ ಅಂಟಿಸಿಕೊಂಡವನು.

“ಬಿಡಿ ಲಾ ವನೆಸ್ಸಾ, ಯಾರಿಗೆ ಗೊತ್ತಾಗುತ್ತೆ? ಸೋಮವಾರ ಇಂಟರ್‌ವ್ಯೂ. ಈಗ ಒಪ್ಕೊಂಡ್ರೆ ಪೋಸ್ಟ್ ಹೋಗುತ್ತೆ.”

“ನಂಗೆ ಗೊತ್ತುಂಟಲ್ಲ ಸರ್,” ಅಂದಳು ವನೆಸ್ಸಾ.

ಅಂದೇ ಹಳೆಯ ಟಿಪ್ಪಣಿ ಅಳಿಸಿ ಹೊಸದು ಬರೆದಳು: ‘ಮೂಲ ಗೊತ್ತಿಲ್ಲ. ಮೊದಲು ಇಲ್ಲಿದ್ದದ್ದು ನನ್ನ ಊಹೆ. ತಪ್ಪು ನನ್ನದು.’ ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು. ಏಳೂ ವೆಬ್‌ಸೈಟಿನವರಿಗೆ ಪತ್ರ ಬರೆದಳು. ಒಬ್ಬರೂ ಉತ್ತರಿಸಲಿಲ್ಲ.

ಹುದ್ದೆ ಭವ್ಯಶ್ರೀಗೆ ಹೋಯಿತು. ವನೆಸ್ಸಾ ನಗುತ್ತಲೇ ಕೈಕುಲುಕಿದಳು. ಮನೆಗೆ ಹೋಗುವಾಗ ಎಲ್‌ಆರ್‌ಟಿ ರೈಲಿನಲ್ಲಿ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತಿದ್ದಳು.

ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಭವ್ಯಶ್ರೀ ಅವಳ ಮೇಜಿನ ಹತ್ತಿರ ಕುರ್ಚಿ ಎಳೆದು ಕೂತಳು. ‘ನೈನ್ ಯಾರ್ಡ್ಸ್’ಗೆ ಸೈನಿಕರ ಕಥೆಯೊಂದನ್ನು ಸೊಗಸಾಗಿ ಹೆಣೆದು, ಎರಡು ದಿನ ಮುದ್ದು ಮಾಡಿ, ಕೊನೆಗೆ ಸಾಕ್ಷಿ ಇಲ್ಲವೆಂದು ತಾನೇ ಅಳಿಸಿಹಾಕಿದ್ದಳು.

“ಅಳಿಸೋಕೆ ಕೈನೇ ಬರ್ಲಿಲ್ಲ ಮೇಡಂ. ಇದು ಬರೀ ಡ್ರಾಫ್ಟು. ನೀವು ಹೆಸರು ಹಾಕಿ ‘ತಪ್ಪು ನನ್ನದು’ ಅಂತ ಹೇಗೆ ಬರೆದ್ರಿ?”

“ನಂಗೂ ಬರ್ಲಿಲ್ಲ ಮಾರಾಯ್ತಿ,” ಅಂದಳು ವನೆಸ್ಸಾ. “ಅಳ್ತಾ ಬರೆದದ್ದು.”